ಗಾಳಕ್ಕೆ ಸಿಕ್ಕಿದ ಹಳೆಯ ಬಲೆ



ಚರಿತ್ರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಶಾಸನ, ನಾಣ್ಯ, ಕೋಟೆ, ದೇವಾಲಯಗಳು ಬಂದು ನಿಲ್ಲುತ್ತವೆ. ಇವೆಲ್ಲ ನೆಲದ ಮೇಲೆ ಅಥವಾ ನೆಲದೊಳಗೆ ದೊರೆಯುವ ಆಧಾರಗಳು. ನೀರಿನ ತಳದಲ್ಲಿಯೂ ಚರಿತ್ರೆಯ ಆಧಾರಗಳು ಇರುತ್ತವೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅವು ಒಮ್ಮೊಮ್ಮೆ ಯಾರೂ ಹುಡುಕದೆಯೇ ಮೇಲೆ ಬರುತ್ತವೆ. ಮೀನಿಗಾಗಿ ಗಾಳ ಹಾಕಿದವನ ದಾರ ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಳ್ಳುತ್ತದೆ. ಅವನು ಎಳೆಯುತ್ತಾನೆ, ಸಡಿಲಿಸುತ್ತಾನೆ, ಮತ್ತೆ ಎಳೆಯುತ್ತಾನೆ. ಹೆಚ್ಚಿನ ಸಲ ದಾರ ತುಂಡಾಗುತ್ತದೆ. ಕೆಲವು ಸಲ ಮಾತ್ರ ಗಾಳದ ಜೊತೆಗೆ ಬಲೆಯ ಚೂರು, ಹಗ್ಗದ ತುದಿ, ಸೀಸದ ಗುಂಡು ಮೇಲೆ ಬರುತ್ತದೆ. ಗಾಳದವನಿಗೆ ಅದು ಕಸ. ಚರಿತ್ರೆಯ ವಿದ್ಯಾರ್ಥಿಗೆ ಅದು ಒಂದು ಪ್ರಶ್ನೆ. ಇದು ಯಾರ ಬಲೆ? ಯಾವ ಕಾಲದ್ದು? ಇಲ್ಲಿ ಹೇಗೆ ಉಳಿಯಿತು? ಇದಕ್ಕಿಂತ ಹಳೆಯ ಬಲೆಗಳು ಏಕೆ ಸಿಗುವುದಿಲ್ಲ?

ಈ ನಾಲ್ಕು ಪ್ರಶ್ನೆಗಳನ್ನು ಹಿಡಿದು ಮಂಗಳೂರು ಕರಾವಳಿಯ ಮೀನುಗಾರಿಕೆಯ ಚರಿತ್ರೆಯನ್ನು ಓದಬಹುದು. ಹೇಗೆಂದು ನೋಡೋಣ.

ನದಿಯ ದಾರಿ

ಮೊದಲು ಸ್ಥಳದ ಪರಿಚಯ. ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ನಗರದ ಅಂಚಿನಲ್ಲಿ, ವಾಮಂಜೂರು ಇದೆ. ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವವರು ಇಳಿಯುವ ಊರು ಇದೇ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಈ ಗುಡ್ಡಗಳ ಬುಡದಲ್ಲಿ ಗುರುಪುರ ನದಿ ಹರಿಯುತ್ತದೆ. ಫಲ್ಗುಣಿ ಎಂಬುದು ಇದರ ಇನ್ನೊಂದು ಹೆಸರು.

ಭೂಪಟವನ್ನು ತೆರೆದು ಈ ನದಿಯ ದಾರಿಯನ್ನು ಬೆರಳಿನಿಂದ ಗುರುತಿಸಿರಿ. ಪಶ್ಚಿಮ ಘಟ್ಟದ ಕಡೆಯಿಂದ ಇಳಿದು, ಗುರುಪುರವನ್ನು ಹಾದು, ಕೂಳೂರಿನ ಸೇತುವೆಯನ್ನು ದಾಟಿ ಅದು ಸಮುದ್ರದ ಹತ್ತಿರಕ್ಕೆ ಬರುತ್ತದೆ. ಆದರೆ ಅಲ್ಲಿಯೇ ಸಮುದ್ರವನ್ನು ಸೇರುವುದಿಲ್ಲ. ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳುದಿಣ್ಣೆ ಅಡ್ಡ ಬರುವುದರಿಂದ ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಬಾಗಿಲಿನಲ್ಲಿ ಕಡಲಿಗೆ ಸೇರುತ್ತದೆ. ಮಂಗಳೂರಿನ ಹಳೆಯ ಬಂದರು ಮತ್ತು ಮೀನುಗಾರಿಕಾ ಧಕ್ಕೆ ಇರುವುದು ಈ ಕೊನೆಯ ಹರಿವಿನ ದಡದಲ್ಲಿಯೇ.

ವಾಮಂಜೂರಿನ ಬಳಿ ನೀವು ಕಾಣುವ ನದಿಯೂ ಕಡಲ ಮೀನುಗಾರಿಕೆಯ ಧಕ್ಕೆಯೂ ಹೀಗೆ ಒಂದೇ ನೀರಿನ ಎರಡು ತುದಿಗಳು. ಹಿಂದೆ ಸರಕು ದೋಣಿಗಳು ಈ ನೀರಿನ ಮೇಲೆಯೇ ಓಡಾಡುತ್ತಿದ್ದವು. ಘಟ್ಟದ ಕಡೆಯ ಸರಕು ಮತ್ತು ಒಳನಾಡಿನ ಅಕ್ಕಿ ಗುರುಪುರದ ಮೂಲಕ ಬಂದರಿಗೆ ಇಳಿಯುತ್ತಿತ್ತು. ಕಡಲಿನ ಮೀನು ಮತ್ತು ಉಪ್ಪು ಮೇಲಕ್ಕೆ ಏರುತ್ತಿತ್ತು. ಇಂದು ಸೇತುವೆಗಳ ಮೇಲೆ, ದಡದ ಬಂಡೆಗಳ ಮೇಲೆ, ಅಳಿವೆಯ ಕಲ್ಲುಗೋಡೆಗಳ ಮೇಲೆ ಗಾಳ ಹಿಡಿದು ನಿಂತವರು ಕಾಣುತ್ತಾರೆ. ಗಾಳ ಸಿಕ್ಕಿಕೊಂಡಾಗ ‘ಕಲ್ಲಿಗೆ ಸಿಕ್ಕಿತು’ ಎನ್ನುವುದು ವಾಡಿಕೆ. ತಳದಲ್ಲಿ ಕಲ್ಲೂ ಇರುತ್ತದೆ, ಮರದ ಬೇರೂ ಇರುತ್ತದೆ, ಹಳೆಯ ಬಲೆಯೂ ಇರುತ್ತದೆ.

ಕಲ್ಲು ಉಳಿಯಿತು, ನೂಲು ಅಳಿಯಿತು

ಮನುಷ್ಯ ಬಲೆ ಹೆಣೆಯಲು ಕಲಿತು ಹತ್ತು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಇದು ನಮಗೆ ಹೇಗೆ ಗೊತ್ತು? 1913ರಲ್ಲಿ, ಆಗ ಫಿನ್ಲೆಂಡಿಗೆ ಸೇರಿದ್ದ ಅಂತ್ರೆಯ ಎಂಬ ಊರಿನಲ್ಲಿ ರೈತನೊಬ್ಬ ಜೌಗು ಹೊಲವನ್ನು ಅಗೆಯುವಾಗ ಒಂದು ಮೀನುಬಲೆಯ ಅವಶೇಷ ದೊರೆಯಿತು. ಈ ಊರು ಈಗ ರಷ್ಯದಲ್ಲಿದೆ. ಬಲೆಯನ್ನು ವಿಲೋ ಮರದ ನಾರಿನಿಂದ ಹೆಣೆದಿದ್ದರು. ಪೈನ್ ಮರದ ತೊಗಟೆ ಅದರ ತೇಲುಬೆಂಡು, ಕಲ್ಲುಗಳು ಅದರ ಭಾರ. ಪ್ರಾಚೀನ ಸರೋವರವೊಂದರ ತಳದ ಜೇಡಿಯಲ್ಲಿ ಗಾಳಿ ತಾಗದೆ ಹುದುಗಿಕೊಂಡಿದ್ದುದರಿಂದ ಅದು ಉಳಿದುಬಂತು. ಇಂಥದು ಅಪರೂಪದಲ್ಲಿ ಅಪರೂಪ.

ನಮ್ಮ ದೇಶದ ಸಿಂಧೂ ನಾಗರಿಕತೆಯ ನೆಲೆಗಳಲ್ಲಿ ತಾಮ್ರದ ಗಾಳಗಳೂ ಸುಟ್ಟ ಮಣ್ಣಿನ ಬಲೆಗುಂಡುಗಳೂ ದೊರೆತಿವೆ. ಬಲೆ ಮಾತ್ರ ದೊರೆತಿಲ್ಲ. ಬಲೆಯ ಭಾರವನ್ನು ನೋಡಿ ಬಲೆ ಇತ್ತೆಂದು ನಾವು ಊಹಿಸುತ್ತೇವೆ. ಇದು ಚರಿತ್ರೆಯ ಒಂದು ಮುಖ್ಯ ಪಾಠ. ಕಲ್ಲು, ಮಣ್ಣು, ಲೋಹ ಉಳಿಯುತ್ತವೆ. ನಾರು, ಮರ, ಚರ್ಮ ಅಳಿಯುತ್ತವೆ. ಉಳಿದದ್ದನ್ನು ಮಾತ್ರ ನೋಡಿ ‘ಇಷ್ಟೇ ಇತ್ತು’ ಎಂದು ತೀರ್ಮಾನಿಸಬಾರದು.

ನಮ್ಮ ಕರಾವಳಿಯ ಹಳೆಯ ಬಲೆಗಳು ಹತ್ತಿ ಮತ್ತು ಸೆಣಬಿನ ನೂಲಿನವು. ಹಗ್ಗಗಳು ತೆಂಗಿನ ನಾರಿನವು. ಕತ್ತದ ಹಗ್ಗ ಎಂದರೆ ಕರಾವಳಿಯವರಿಗೆ ಗೊತ್ತು. ಬೆಂಡು ಹಗುರವಾದ ಮರದ್ದು. ನೀರಿನಲ್ಲಿ ನೆನೆಯುವ ನೂಲನ್ನು ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ಅದಕ್ಕಾಗಿ ಮೀನುಗಾರರು ಮರದ ತೊಗಟೆಯನ್ನು ಕುದಿಸಿ, ಆ ಒಗರು ರಸದಲ್ಲಿ ಬಲೆಯನ್ನು ಅದ್ದಿ ಒಣಗಿಸುತ್ತಿದ್ದರು. ಒಗರಿನಲ್ಲಿರುವ ಟ್ಯಾನಿನ್ ಎಂಬ ಪದಾರ್ಥ ನೂಲು ಕೊಳೆಯುವುದನ್ನು ತಡೆಯುತ್ತದೆ. ಹದ ಹಾಕುವ ಈ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಿತ್ತು. ಮೀನು ಹಿಡಿದು ಬಂದ ಮೇಲೆ ಬಲೆಯನ್ನು ಮರಳಿನ ಮೇಲೆ ಹರಡಿ ಒಣಗಿಸಬೇಕಿತ್ತು. ಹರಿದ ಕಣ್ಣುಗಳನ್ನು ಕುಳಿತು ಹೆಣೆಯಬೇಕಿತ್ತು.

ಇಷ್ಟು ಶ್ರಮದ ವಸ್ತುವನ್ನು ಯಾರೂ ಸುಮ್ಮನೆ ನೀರಿಗೆ ಬಿಟ್ಟು ಬರುತ್ತಿರಲಿಲ್ಲ. ಒಂದು ವೇಳೆ ಕಳೆದುಹೋದರೂ ಅದು ಕೆಲವು ತಿಂಗಳಲ್ಲಿ ಕೊಳೆತು ನೀರಿನಲ್ಲಿ ನೀರಾಗುತ್ತಿತ್ತು. ತಳದಲ್ಲಿ ಉಳಿಯುತ್ತಿದ್ದುದು ಭಾರಕ್ಕೆ ಕಟ್ಟಿದ ಕಲ್ಲು ಮಾತ್ರ. ಆದ್ದರಿಂದ ಶತಮಾನಗಳ ಕಾಲ ಈ ಕರಾವಳಿಯನ್ನು ಸಾಕಿದ ಬಲೆಗಳ ಒಂದು ಎಳೆಯೂ ಇಂದು ನಿಮ್ಮ ಗಾಳಕ್ಕೆ ಸಿಗುವುದಿಲ್ಲ.

ರಂಪಣಿಯ ಕಾಲ

ಹೀಗೆ ಗುರುತೇ ಉಳಿಸದೆ ಹೋದ ಬಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರಂಪಣಿ. ಇದು ಗೋವೆಯ ಕಡೆಯಿಂದ ಬಂದುದೆಂದು ಹೇಳುವುದುಂಟು. ಕನ್ನಡ ಕರಾವಳಿಯಲ್ಲಿ ಇಪ್ಪತ್ತನೆಯ ಶತಮಾನದ ಮುಕ್ಕಾಲು ಪಾಲು ಬಂಗುಡೆ ಮತ್ತು ಬೂತಾಯಿ ಮೀನಿನ ಸುಗ್ಗಿ ಎಂದರೆ ರಂಪಣಿಯ ಸುಗ್ಗಿಯೇ.

ಇದು ದಡದಿಂದ ಎಳೆಯುವ ಬಲೆ. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚಾಗುತ್ತಿದ್ದುದುಂಟು. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಮೀನಿನ ಹಿಂಡು ದಡದ ಹತ್ತಿರ ಬರುತ್ತದೆ. ನೀರಿನ ಬಣ್ಣ, ಮೀನು ಎದ್ದು ಬೀಳುವ ಮಿಂಚು, ಹಕ್ಕಿಗಳ ಹಾರಾಟ ಇವುಗಳಿಂದ ಅನುಭವಿಗಳು ಹಿಂಡನ್ನು ಗುರುತಿಸುತ್ತಿದ್ದರು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೊಡ್ಡ ದೋಣಿಯಲ್ಲಿ ಬಲೆಯನ್ನು ಇಳಿಸುತ್ತ ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಿದ್ದರು. ಬಳಿಕ ಎರಡೂ ಕಡೆಯಿಂದ ಹತ್ತಾರು ಜನ ನಿಂತು ಎಳೆಯಬೇಕು. ಹಿಂಡು ದೊಡ್ಡದಾದರೆ ಬಲೆಯನ್ನು ನೀರಿನಲ್ಲಿಯೇ ನಿಲ್ಲಿಸಿ, ಮೀನನ್ನು ಸ್ವಲ್ಪ ಸ್ವಲ್ಪವಾಗಿ ಹಲವು ದಿನ ತೆಗೆಯುವುದೂ ಇತ್ತು.

ರಂಪಣಿಯ ವಿಶೇಷ ಅದರ ಗಾತ್ರವಷ್ಟೇ ಅಲ್ಲ. ಒಂದು ಬಲೆಯಲ್ಲಿ ನೂರಕ್ಕೂ ಹೆಚ್ಚು ತುಂಡುಗಳು. ಒಂದೊಂದು ತುಂಡು ಒಂದೊಂದು ಮನೆಯದು. ಎಲ್ಲವನ್ನೂ ಜೋಡಿಸಿದಾಗ ಮಾತ್ರ ಬಲೆ. ಸಿಕ್ಕಿದ ಮೀನಿನ ಹಣದಲ್ಲಿ ತುಂಡಿಗೆ ಪಾಲು, ದುಡಿದ ಕೈಗೆ ಪಾಲು, ದೋಣಿಗೆ ಪಾಲು ಎಂದು ಹಂಚಿಕೆ ನಡೆಯುತ್ತಿತ್ತು. ಒಬ್ಬನೇ ಯಜಮಾನನ ಬಂಡವಾಳದಿಂದ ನಡೆಯುವ ವ್ಯವಸ್ಥೆ ಇದಾಗಿರಲಿಲ್ಲ. ಬಲೆಯ ಹೊಲಿಗೆಯೇ ಊರಿನ ಕಟ್ಟುಪಾಡನ್ನು ತೋರಿಸುತ್ತಿತ್ತು. ಮೊಗವೀರರು, ಖಾರ್ವಿಗಳು ಮತ್ತು ಕಡಲತಡಿಯ ಇತರ ಸಮುದಾಯಗಳ ಬದುಕು ಇದರ ಸುತ್ತ ಹೆಣೆದುಕೊಂಡಿತ್ತು. ಮೀನು ದಡದಲ್ಲಿಯೇ ರಾಶಿ ಬೀಳುತ್ತಿದ್ದುದರಿಂದ ಅದನ್ನು ಬುಟ್ಟಿಯಲ್ಲಿ ಹೊತ್ತು ಮಾರುವ, ಉಪ್ಪು ಹಾಕಿ ಒಣಗಿಸುವ ಹೆಂಗಸರಿಗೂ ಊರಿನಲ್ಲಿಯೇ ಕೆಲಸವಿತ್ತು.

ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸರ್ಕಾರ ಕರಾವಳಿಯಲ್ಲಿ ಮೀನು ಉಪ್ಪು ಹಾಕುವ ಅಂಗಳಗಳನ್ನು ತೆರೆಯಿತು. ಉಪ್ಪಿಗೆ ಭಾರಿ ಸುಂಕವಿದ್ದ ಕಾಲದಲ್ಲಿ ಅಲ್ಲಿ ಮೀನಿಗೆಂದು ಅಗ್ಗದ ಉಪ್ಪು ದೊರೆಯುತ್ತಿತ್ತು. ಬೂತಾಯಿಯಿಂದ ಎಣ್ಣೆ ತೆಗೆದು, ಉಳಿದದ್ದನ್ನು ತೋಟಗಳಿಗೆ ಗೊಬ್ಬರ ಮಾಡುವ ಉದ್ಯಮವೂ ಬೆಳೆಯಿತು. ಹೀಗೆ ರಂಪಣಿ ಬರಿಯ ಊಟದ ಬಲೆಯಾಗಿರಲಿಲ್ಲ, ವಾಣಿಜ್ಯದ ಬಲೆಯೂ ಆಗಿತ್ತು.

ಕೊಳೆಯದ ನೂಲು ಬಂತು

ಈಗ ನಾವು ಅಮೆರಿಕದ ಒಂದು ಪ್ರಯೋಗಶಾಲೆಗೆ ಹೋಗಬೇಕು. ನಮ್ಮ ನದಿಯ ತಳದಲ್ಲಿ ಉಳಿದ ನೂಲು ಹುಟ್ಟಿದ್ದು ಅಲ್ಲಿ. 1935ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲೇಸ್ ಕೆರೋದರ್ಸ್ ಮತ್ತು ಅವರ ಸಂಗಡಿಗರು ನೈಲಾನ್ ತಯಾರಿಸಿದರು. ಅದು 1938ರಲ್ಲಿ ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ, 1940ರಲ್ಲಿ ಕಾಲುಚೀಲವಾಗಿ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ, ಹಗ್ಗಕ್ಕೆ ಬಳಕೆಯಾಯಿತು. ಯುದ್ಧದ ನಂತರ ಜಗತ್ತಿನ ಮೀನುಗಾರರ ಕೈ ಸೇರಿತು. ಅದು ಕೊಳೆಯುವುದಿಲ್ಲ, ಒಣಗಿಸುವ ತಾಪತ್ರಯವಿಲ್ಲ, ತೆಳುವಾಗಿದ್ದರೂ ಗಟ್ಟಿ. ಮೀನುಗಾರನಿಗೆ ಇದಕ್ಕಿಂತ ಇನ್ನೇನು ಬೇಕು?

ಅದೇ ಕಾಲದಲ್ಲಿ ದೋಣಿಯೂ ಬದಲಾಯಿತು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಇಂಡೋ-ನಾರ್ವೇಜಿಯನ್ ಯೋಜನೆ ಎಂದು ಹೆಸರಾದ ಈ ಕಾರ್ಯಕ್ರಮ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ 1953ರಲ್ಲಿ ಆರಂಭವಾಯಿತು. 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ಬಂತು. ಯಂತ್ರದ ದೋಣಿ, ಮಂಜುಗಡ್ಡೆ, ತಳವನ್ನು ಗುಡಿಸುವ ಟ್ರಾಲ್ ಬಲೆ ಈ ಕಾಲದ ಕೊಡುಗೆಗಳು. ಸಿಗಡಿಗೆ ವಿದೇಶದಲ್ಲಿ ಬೇಡಿಕೆ ಬಂದ ಮೇಲೆ ಟ್ರಾಲ್ ದೋಣಿಗಳ ಸಂಖ್ಯೆ ಬೆಳೆಯಿತು. 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಹೊಸ ನೂಲು, ಹೊಸ ಬಲೆಗಳ ಪರೀಕ್ಷೆ ನಡೆಸಿತು. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಸ್ಥಾಪನೆಯಾಯಿತು. ಭಾರತದಲ್ಲಿ ಈ ಬಗೆಯ ಕಾಲೇಜುಗಳಲ್ಲಿ ಇದೇ ಮೊದಲನೆಯದು.

ಟ್ರಾಲ್ ಬಲೆ ಚೀಲದಂತಿರುತ್ತದೆ. ಅದರ ಬಾಯಿ ತೆರೆದುಕೊಂಡಿರಲು ಎರಡು ಕಡೆ ಕಬ್ಬಿಣ ಬಡಿದ ಭಾರದ ಹಲಗೆಗಳು. ಎಳೆಯಲು ಉಕ್ಕಿನ ತಂತಿಯ ಹಗ್ಗ. ಅದು ತಳದಲ್ಲಿ ಬಂಡೆಗೆ ಸಿಕ್ಕಿಕೊಂಡರೆ ಬಲೆಯೂ ಹಲಗೆಯೂ ತಂತಿಯೂ ಅಲ್ಲಿಯೇ ಉಳಿಯುತ್ತವೆ. ಮೀನುಗಾರನಿಗೆ ಇದು ದೊಡ್ಡ ನಷ್ಟ. ಆದರೂ ದೋಣಿಯನ್ನೂ ಜೀವವನ್ನೂ ಉಳಿಸಿಕೊಳ್ಳಲು ಕೆಲವೊಮ್ಮೆ ಹಗ್ಗವನ್ನು ಕಡಿಯಲೇಬೇಕಾಗುತ್ತದೆ.

1975-76ರ ಹೊತ್ತಿಗೆ ಕರ್ನಾಟಕದ ಕರಾವಳಿಗೆ ಪರ್ಸ್ ಸೀನ್ ಬಂತು. ಜನರ ಬಾಯಲ್ಲಿ ಅದು ‘ಪರ್ಸೀನ್’. ಪರ್ಸ್ ಎಂದರೆ ಹಣದ ಸಂಚಿ. ಹಿಂಡಿನ ಸುತ್ತ ಬಲೆಯ ಗೋಡೆ ಕಟ್ಟಿ, ಬುಡದ ಉಂಗುರಗಳಲ್ಲಿ ಹಾಯಿಸಿದ ಹಗ್ಗವನ್ನು ಎಳೆದರೆ ಸಂಚಿಯ ಬಾಯಿಯಂತೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ. ರಂಪಣಿ ಮೀನು ದಡಕ್ಕೆ ಬರುವುದನ್ನು ಕಾಯುತ್ತಿತ್ತು. ಪರ್ಸೀನ್ ಮೀನು ಇದ್ದಲ್ಲಿಗೇ ಹೋಗುತ್ತಿತ್ತು. ಹೊರಗಡೆಯೇ ಹಿಡಿದ ಮೀನು ದಡಕ್ಕೆ ಬರುವುದಾದರೂ ಹೇಗೆ?

ದಡದ ಜನ ಪ್ರತಿಭಟಿಸಿದರು. 1970ರ ದಶಕದ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ರಂಪಣಿಯವರಿಗೂ ಪರ್ಸೀನಿನವರಿಗೂ ಸಂಘರ್ಷ ನಡೆಯಿತು. ಇದೇ ಕಾಲದಲ್ಲಿ ಗೋವೆಯ ರಾಂಪಣಕಾರರು ಯಂತ್ರದೋಣಿಗಳ ವಿರುದ್ಧ ಚಳವಳಿ ಹೂಡಿದರು. ಕೇರಳ ಮತ್ತು ಗೋವೆಗಳಲ್ಲಿ 1980ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನುಗಳು ಬಂದವು. ಆದರೆ ನಮ್ಮ ಕಾನೂನು ಬರುವಷ್ಟರಲ್ಲಿ ದೊಡ್ಡ ರಂಪಣಿಗಳು ಬಹುಮಟ್ಟಿಗೆ ಮೂಲೆ ಸೇರಿದ್ದವು. ಚಿಕ್ಕದಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿಯಿತು. ರಂಪಣಿ ಬಿಟ್ಟವರಲ್ಲಿ ಕೆಲವರು ಪರ್ಸೀನ್ ದೋಣಿಗಳಲ್ಲಿ ಕೂಲಿಗೆ ಸೇರಿದರು. ಕೆಲವರು ಸೇರಿ ಮಾಟುಬಲೆ, ರಾಣಿಬಲೆಗಳನ್ನು ಮಾಡಿಕೊಂಡರು.

ಇದನ್ನು ‘ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು’ ಎಂದು ಓದಬೇಡಿರಿ. ಹೊಸ ದೋಣಿಗಳು ಸಾವಿರಾರು ಜನರಿಗೆ ದುಡಿಮೆ ಕೊಟ್ಟವು, ಒಳನಾಡಿಗೂ ಮೀನು ತಲುಪಿಸಿದವು. ಹೊಸ ನೂಲು ಬಡ ಮೀನುಗಾರನ ಬೆನ್ನಿನ ಭಾರವನ್ನೂ ಇಳಿಸಿತು. ಕೊನೆಯ ವರ್ಷಗಳಲ್ಲಿ ರಂಪಣಿಗೂ ನೈಲಾನ್ ಸೇರಿತ್ತು. ಒಂದು ಬದಲಾವಣೆಯಿಂದ ಯಾರಿಗೆ ಏನು ಬಂತು, ಯಾರ ಕೈಯಿಂದ ಏನು ಹೋಯಿತು ಎಂದು ಎರಡನ್ನೂ ಲೆಕ್ಕ ಹಾಕುವುದು ಚರಿತ್ರೆಯ ಕೆಲಸ.

ತಳದಲ್ಲಿ ಏಕೆ ಉಳಿಯುತ್ತದೆ?

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಒಂದು ಘನ ಸೆಂಟಿಮೀಟರ್ ಸಿಹಿನೀರಿನ ತೂಕ 1 ಗ್ರಾಂ. ಕಡಲ ನೀರಿನದು ಸುಮಾರು 1.025 ಗ್ರಾಂ. ನೈಲಾನಿನದು 1.14 ಗ್ರಾಂ. ಆದ್ದರಿಂದ ನೈಲಾನ್ ಮುಳುಗುತ್ತದೆ. ಟ್ರಾಲ್ ಬಲೆಗಳಿಗೆ ಬಳಸುವ ಪಾಲಿಎಥಿಲೀನಿನದು ಸುಮಾರು 0.95 ಗ್ರಾಂ. ಅದರ ತುಂಡು ತಾನಾಗಿ ತೇಲುತ್ತದೆ. ಸೀಸ, ಸರಪಳಿ, ತಂತಿ ಕಟ್ಟಿಕೊಂಡಿದ್ದರೆ ಮಾತ್ರ ಮುಳುಗುತ್ತದೆ. ಬೀಚಿನಲ್ಲಿ ಸಿಗುವ ಹಗ್ಗದ ಚೂರಿಗೂ ತಳದಲ್ಲಿ ಸಿಗುವ ಬಲೆಯ ಚೂರಿಗೂ ಇರುವ ವ್ಯತ್ಯಾಸಕ್ಕೆ ಇದು ಒಂದು ಕಾರಣ.

ಪ್ಲಾಸ್ಟಿಕನ್ನು ಮುಖ್ಯವಾಗಿ ಹಾಳುಮಾಡುವುದು ಬಿಸಿಲಿನ ಅತಿನೇರಳೆ ಕಿರಣ. ತಳದ ಕತ್ತಲಲ್ಲಿ, ಕೆಸರಿನ ಹೊದಿಕೆಯ ಕೆಳಗೆ ಆ ಕಿರಣ ತಲುಪುವುದಿಲ್ಲ. ಹತ್ತಿಯ ನೂಲನ್ನು ಕೆಲವು ತಿಂಗಳಲ್ಲಿ ತಿಂದು ಮುಗಿಸುವ ಸೂಕ್ಷ್ಮಜೀವಿಗಳಿಗೆ ನೈಲಾನ್ ಸುಲಭದ ಆಹಾರವಲ್ಲ. ಆದ್ದರಿಂದ ಅದು ದಶಕಗಳ ಕಾಲ, ನೂರಾರು ವರ್ಷ ಎಂಬ ಅಂದಾಜೂ ಇದೆ, ಹಾಗೆಯೇ ಉಳಿಯುತ್ತದೆ.

ಬಲೆ ಬಂಡೆಗೋ ಮುಳುಗಿದ ಹಡಗಿಗೋ ಸುತ್ತಿಕೊಂಡಿತೆಂದು ಇಟ್ಟುಕೊಳ್ಳಿ. ಮಂಗಳೂರಿನ ಹೊರಗಡಲಿನಲ್ಲಿ 2009ರಲ್ಲಿ ಅದಿರು ಹೊತ್ತ ‘ಏಷ್ಯನ್ ಫಾರೆಸ್ಟ್’, 2022ರಲ್ಲಿ ಉಳ್ಳಾಲದ ಬಳಿ ಉಕ್ಕು ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಹಡಗುಗಳು ಮುಳುಗಿದವು. ಬಂಡೆ ಮತ್ತು ಮುಳುಗಿದ ಹಡಗು ಇರುವಲ್ಲಿ ಮೀನು ಆಸರೆ ಪಡೆಯುತ್ತದೆ. ಮೀನು ಇರುವಲ್ಲಿಗೆ ಬಲೆಯೂ ಬರುತ್ತದೆ, ಗಾಳವೂ ಬರುತ್ತದೆ. ಗಾಳದ ಕೊಕ್ಕೆಗೆ ಹಿಮ್ಮುಖವಾದ ಮುಳ್ಳು ಇರುವುದರಿಂದ ಅದು ಬಲೆಯ ಕಣ್ಣಿನೊಳಗೆ ಹೊಕ್ಕರೆ ಹಿಂದಕ್ಕೆ ಬಾರದು. ಎಳೆದಷ್ಟೂ ಬಲೆ ಬಿಗಿಯಾಗುತ್ತದೆ. ದಾರ ತುಂಡಾಗುತ್ತದೆ. ಆ ದಾರವೂ ನೈಲಾನಿನದೇ. ಹಳೆಯ ಬಲೆಯ ಗಂಟಿಗೆ ಇನ್ನೊಂದು ಕೊಕ್ಕೆ, ಇನ್ನಷ್ಟು ಮಾರು ದಾರ ಸೇರುತ್ತದೆ. ನಾಳೆ ಇನ್ನೊಬ್ಬನ ಗಾಳ ಸಿಕ್ಕಲು ಅಷ್ಟು ಹೆಚ್ಚು ಅವಕಾಶ. ಬಲೆ ಬಿಟ್ಟವರನ್ನು ದೂರುವ ಗಾಳದವನೂ ಅದೇ ಗಂಟನ್ನು ಬೆಳೆಸುತ್ತಿರುತ್ತಾನೆ.

ಗಂಟು ಸುಮ್ಮನೆ ಬಿದ್ದಿರುವುದಿಲ್ಲ. ಅದರಲ್ಲಿ ಮೀನು ಸಿಕ್ಕಿ ಸಾಯುತ್ತದೆ. ಸತ್ತ ಮೀನಿಗೆ ಏಡಿ ಬರುತ್ತದೆ, ಏಡಿಯೂ ಸಿಕ್ಕಿಕೊಳ್ಳುತ್ತದೆ. ಹಿಡಿಯುವವರಿಲ್ಲ, ತಿನ್ನುವವರಿಲ್ಲ, ಮಾರುವವರಿಲ್ಲ. ಆದರೂ ಬಲೆ ಮೀನು ಹಿಡಿಯುತ್ತಲೇ ಇರುತ್ತದೆ. ಇದಕ್ಕೆ ‘ಭೂತದ ಬಲೆ’ ಎಂದು ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ಪರಿಸರ ಕಾರ್ಯಕ್ರಮ 2009ರಲ್ಲಿ ಹೊರತಂದ ವರದಿ, ಸಾಗರದ ಕಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಕಳೆದುಹೋದ ಮೀನುಗಾರಿಕಾ ಸಲಕರಣೆ ಇರಬಹುದೆಂದು ಅಂದಾಜು ಮಾಡಿತು.

ಹಡಗುಗಳಿಂದ ಪ್ಲಾಸ್ಟಿಕ್ ಬಲೆಯನ್ನು ಕಡಲಿಗೆ ಎಸೆಯುವುದನ್ನು ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಐದನೆಯ ಅನುಬಂಧ ನಿಷೇಧಿಸುತ್ತದೆ. ಇದು 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಬಲೆಗೆ ಒಡೆಯನ ಗುರುತು ಹಾಕುವ ಬಗ್ಗೆ 2018ರಲ್ಲಿ ಮಾರ್ಗಸೂಚಿಗಳಿಗೆ ಒಪ್ಪಿಗೆ ದೊರೆಯಿತು. ಹಿಂದೆ ಯಂತ್ರದೋಣಿಗೆ ಹೆಸರಾದ ಅದೇ ನೀಂಡಕರದಲ್ಲಿ, 2017ರಲ್ಲಿ, ಮೀನುಗಾರರು ಬಲೆಗೆ ಸಿಕ್ಕಿದ ಪ್ಲಾಸ್ಟಿಕನ್ನು ದಡಕ್ಕೆ ತರುವ ಯೋಜನೆ ಆರಂಭವಾಯಿತು. ಹಾಗೆ ತಂದ ಪ್ಲಾಸ್ಟಿಕ್ಕನ್ನು ರಸ್ತೆಯ ಕೆಲಸಕ್ಕೂ ಬಳಸಿದರು.

ಚೂರನ್ನು ಓದುವುದು ಹೇಗೆ?

ಈಗ ಆರಂಭದ ಪ್ರಶ್ನೆಗಳಿಗೆ ಹಿಂದಿರುಗೋಣ. ಬಲೆಯ ಚೂರೊಂದು ನಿಮ್ಮ ಕೈಗೆ ಬಂದರೆ ಏನನ್ನು ನೋಡಬೇಕು?

ಮೊದಲನೆಯದು ನೂಲು. ಅದು ನೈಲಾನ್ ಆದರೆ 1935ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ನಮ್ಮ ಕರಾವಳಿಯ ಮಟ್ಟಿಗೆ ಸ್ವಾತಂತ್ರ್ಯಾನಂತರದ್ದೆಂದೇ ಹೇಳಬೇಕು. ‘ಇದಕ್ಕಿಂತ ಹಳೆಯದಲ್ಲ’ ಎಂದು ಹೇಳುವ ಇಂಥ ಗಡಿಯನ್ನು ಪುರಾತತ್ವಜ್ಞರು ಬಹಳವಾಗಿ ಬಳಸುತ್ತಾರೆ. ಎಷ್ಟು ಹೊಸದು ಎಂಬುದನ್ನು ಅದು ಹೇಳುವುದಿಲ್ಲ. ಎರಡನೆಯದು ಕಣ್ಣಿನ ಗಾತ್ರ. ಸಣ್ಣ ಕಣ್ಣು ಸಣ್ಣ ಮೀನಿಗೆ, ದೊಡ್ಡ ಕಣ್ಣು ದೊಡ್ಡ ಮೀನಿಗೆ. ಮೂರನೆಯದು ಜೊತೆಗಿರುವ ವಸ್ತು. ಸೀಸದ ಗುಂಡು, ಉಂಗುರ, ಉಕ್ಕಿನ ತಂತಿ, ಬೆಂಡು ಇವು ಬಲೆಯ ಜಾತಿಯನ್ನು ಸೂಚಿಸುತ್ತವೆ. ನಾಲ್ಕನೆಯದು ದೊರೆತ ಜಾಗ. ಇಲ್ಲಿ ಎಚ್ಚರ ಬೇಕು. ನೆಲದ ಉತ್ಖನನದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ನದಿಯಲ್ಲಿ ಹಾಗಲ್ಲ. ಆಟಿಯ ನೆರೆ ತಳವನ್ನು ಕಲಕಿ, ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ತರುತ್ತದೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸಿಗುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಒಂದು ದೊಡ್ಡ ಕೊರತೆ ಉಳಿಯುತ್ತದೆ. ತಳದ ಆಧಾರಗಳನ್ನಷ್ಟೇ ನಂಬಿದರೆ, ಈ ಕರಾವಳಿಯ ಮೀನುಗಾರಿಕೆ ನೈಲಾನಿನಿಂದ ಆರಂಭವಾಯಿತೆಂದು ಮುಂದಿನ ತಲೆಮಾರು ತಿಳಿದೀತು. ತಳದಲ್ಲಿ ಐವತ್ತು-ಅರವತ್ತು ವರ್ಷಗಳ ಕುರುಹು ದಟ್ಟವಾಗಿದೆ, ಅದಕ್ಕೆ ಹಿಂದಿನ ಶತಮಾನಗಳು ಖಾಲಿ. ಊರೆಲ್ಲ ಸೇರಿ ಎಳೆದ ರಂಪಣಿ ಒಂದು ಗಂಟನ್ನೂ ಬಿಟ್ಟು ಹೋಗಲಿಲ್ಲ. ಕಡಲಿಗೆ ಹಾನಿ ಮಾಡದೆ ಬದುಕಿದ್ದೇ ಅದು ಚರಿತ್ರೆಯಿಂದ ಮರೆಯಾಗಲು ಕಾರಣವಾಗುತ್ತದೆ. ಉಳಿದದ್ದು ದೊಡ್ಡದು, ಅಳಿದದ್ದು ಸಣ್ಣದು ಎಂಬ ಭ್ರಮೆ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಡುತ್ತದೆ. ಕಲ್ಲಿನ ದೇವಾಲಯವನ್ನು ಕಟ್ಟಿಸಿದವನ ಹೆಸರು ಉಳಿಯಿತು. ಮುಳಿಹುಲ್ಲಿನ ಮನೆಯಲ್ಲಿದ್ದುಕೊಂಡು ಆ ಕಲ್ಲನ್ನು ಕೆತ್ತಿದವನ ಹೆಸರು ಹೋಯಿತು. ಅದೂ ಇಂಥದೇ ಅಲ್ಲವೇ?

ಹಾಗಾದರೆ ಅಳಿದದ್ದನ್ನು ಎಲ್ಲಿ ಹುಡುಕಬೇಕು? ಸರ್ಕಾರದ ಹಳೆಯ ದಾಖಲೆಗಳಲ್ಲಿ, ಗೆಜೆಟಿಯರುಗಳಲ್ಲಿ, ಸಹಕಾರಿ ಸಂಘಗಳ ಲೆಕ್ಕಪುಸ್ತಕಗಳಲ್ಲಿ ಸ್ವಲ್ಪ ಸಿಗುತ್ತದೆ. ಬಹುಪಾಲು ಇರುವುದು ಮನುಷ್ಯರ ನೆನಪಿನಲ್ಲಿ. 1975ರಲ್ಲಿ ಇಪ್ಪತ್ತು ವರ್ಷದ ತರುಣನಾಗಿ ರಂಪಣಿ ಎಳೆದವರಿಗೆ ಇಂದು ಎಪ್ಪತ್ತು ದಾಟಿದೆ. ಬಲೆಗೆ ಒಗರು ಹಾಕುವ ಹದವನ್ನು ಕೈಯಾರೆ ಬಲ್ಲವರಿಗೆ ಇನ್ನೂ ಹೆಚ್ಚು ವಯಸ್ಸು. ಬುಟ್ಟಿ ಹೊತ್ತು ಒಳನಾಡಿಗೆ ಮೀನು ತಂದ ಅಜ್ಜಿಯರ ಮಾತೂ ಅಷ್ಟೇ ಬೆಲೆಯುಳ್ಳದ್ದು. ಈ ನೆನಪು ಹತ್ತಿಯ ನೂಲಿನಂಥದು. ಈಗ ಕೇಳಿ ಬರೆದಿಟ್ಟುಕೊಳ್ಳದಿದ್ದರೆ ಅದೂ ನೀರಿನಲ್ಲಿ ನೀರಾಗುತ್ತದೆ.

ವಾಮಂಜೂರು, ಗುರುಪುರ, ಕೂಳೂರು, ಬೆಂಗ್ರೆ, ಉಳ್ಳಾಲದ ಶಾಲೆ-ಕಾಲೇಜುಗಳಲ್ಲಿ ಓದುವ ನಿಮಗೆ ಇದು ದೂರದ ಕೆಲಸವಲ್ಲ. ಬೇರೆ ಊರಿನವರಾದರೆ ನಿಮ್ಮ ಕೆರೆ, ನಿಮ್ಮ ಹೊಳೆ ಇದ್ದೇ ಇದೆ. ಒಂದು ನೋಟ್‌ಪುಸ್ತಕ ಸಾಕು. ಮೊದಲು ಹಿರಿಯರಿಂದ ಕೇಳಿ ಬಲೆಗಳ ಹೆಸರುಗಳನ್ನು ಪಟ್ಟಿ ಮಾಡಿರಿ. ಕಂತಬಲೆ, ಪಟ್ಟಬಲೆ, ಬೀಡುಬಲೆ, ಮಾರಿಬಲೆ, ಬೀಸುಬಲೆ ಎಂದು ಅವರು ಹೇಳುತ್ತಾ ಹೋಗುತ್ತಾರೆ. ಪ್ರತಿಯೊಂದಕ್ಕೂ ಯಾವ ನೂಲು, ಎಷ್ಟು ಜನ, ಯಾವ ಮೀನು, ಯಾವ ತಿಂಗಳು, ಪಾಲು ಹೇಗೆ ಎಂದು ಕೇಳಿರಿ. ಯಾವ ವರ್ಷ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದೂ ಕೇಳಿರಿ. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನು ಬರೆಯಲು ಮರೆಯಬೇಡಿರಿ. ಇಬ್ಬರ ಮಾತು ಬೇರೆ ಬೇರೆಯಾದರೆ ಎರಡನ್ನೂ ಬರೆಯಿರಿ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ತಳದ ಬಲೆಯನ್ನು ತೆಗೆಯಲೆಂದು ನೀರಿಗೆ ಇಳಿಯಬೇಡಿರಿ. ಈಜು ಬಲ್ಲವರ ಕೈಕಾಲನ್ನೂ ಅದು ಬಿಡುವುದಿಲ್ಲ. ಸಿಕ್ಕಿಕೊಂಡ ದಾರವನ್ನು ಕೈಗೆ ಸುತ್ತಿ ಎಳೆಯಬೇಡಿರಿ. ಮೇಲೆ ಬಂದ ಚೂರನ್ನು ಮಾತ್ರ ಮತ್ತೆ ನೀರಿಗೆ ಎಸೆಯದೆ ದಡಕ್ಕೆ ತನ್ನಿರಿ. ತೊಳೆದು ಒಣಗಿಸಿ, ದೊರೆತ ಜಾಗ ಮತ್ತು ದಿನಾಂಕ ಬರೆದ ಚೀಟಿ ಕಟ್ಟಿ ನಿಮ್ಮ ಶಾಲೆಯ ಕಪಾಟಿನಲ್ಲಿ ಇಡಿರಿ. ಅದರ ಪಕ್ಕದಲ್ಲಿ ಹಿರಿಯರಿಂದ ಕೇಳಿ ಬರೆದ ಪುಸ್ತಕವನ್ನೂ ಇಡಿರಿ. ಆ ಚೂರು ಹೊಸ ಕಾಲದ ಮಾತನ್ನು ಹೇಳುತ್ತದೆ, ಪುಸ್ತಕ ಹಳೆಯ ಕಾಲದ್ದನ್ನು. ಎರಡೂ ಇದ್ದರೆ ಮಾತ್ರ ಈ ಕಡಲ ಚರಿತ್ರೆ ಪೂರ್ತಿಯಾಗುತ್ತದೆ.

ಯೋಚಿಸಿರಿ, ಚರ್ಚಿಸಿರಿ

1. ಹತ್ತಿಯ ಬಲೆ ಮತ್ತು ನೈಲಾನ್ ಬಲೆ ಇವುಗಳಲ್ಲಿ ಮೀನುಗಾರನಿಗೆ ಯಾವುದು ಅನುಕೂಲ? ಕಡಲಿಗೆ ಯಾವುದು ಅನುಕೂಲ? ಎರಡೂ ಉತ್ತರಗಳು ಬೇರೆ ಬೇರೆಯಾದಾಗ ಸಮಾಜ ಏನು ಮಾಡಬೇಕು?

2. ರಂಪಣಿಯಲ್ಲಿ ಪಾಲು ಹಂಚುತ್ತಿದ್ದ ರೀತಿಯನ್ನು ನಿಮ್ಮ ಊರಿನ ಯಾವುದಾದರೂ ಸಾಮೂಹಿಕ ದುಡಿಮೆಯೊಂದಿಗೆ ಹೋಲಿಸಿರಿ.

3. ‘ಇದಕ್ಕಿಂತ ಹಳೆಯದಲ್ಲ’ ಎಂಬ ಗಡಿಯನ್ನು ಹೇಳಬಲ್ಲ ಐದು ವಸ್ತುಗಳನ್ನು ನಿಮ್ಮ ಮನೆಯಲ್ಲಿ ಗುರುತಿಸಿರಿ.

4. ಯಾವ ಕುರುಹನ್ನೂ ಉಳಿಸದೆ ಹೋದ ಒಂದು ಕಸುಬನ್ನು ಹೆಸರಿಸಿರಿ. ಅದರ ಚರಿತ್ರೆಯನ್ನು ಬರೆಯಬೇಕಾದರೆ ನೀವು ಯಾರನ್ನು ಮೊದಲು ಕೇಳುವಿರಿ?